ಮೈಸೂರು–ಮಂಡ್ಯದಲ್ಲಿ ವಿಕಲಚೇತನರ ಉದ್ಯೋಗ: ಪ್ರಮಾಣಪತ್ರದಿಂದ ಪ್ರೊಮೋಷನ್‌ವರೆಗೆ

‘ಪಾಪ, ಅವರಿಗ್ಯಾಕೆ ತೊಂದರೆ, ಅದನ್ನ ಬೇರೆಯವರಿಗೆ ಕೊಡಿ.’ ಹೂಟಗಳ್ಳಿಯ ಕಾರ್ಖಾನೆಯಾಗಲಿ, ಮದ್ದೂರು ಕಡೆಯ ಗಾರ್ಮೆಂಟ್ಸ್ ಆಗಲಿ, ತಾಲ್ಲೂಕು ಕಚೇರಿಯಾಗಲಿ, ಈ ಮಾತು ಕಿವಿಗೆ ಬೀಳದ ವಿಕಲಚೇತನ ನೌಕರರು ಕಡಿಮೆ. ಹೇಳಿದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಆದರೆ ವರ್ಷದ ಕೊನೆಗೆ ಅಪ್ರೈಸಲ್ ಹಾಳೆ ಬಂದಾಗ ಆ ಕೆಲಸ ಮಾಡಿದವರಿಗೆ ಅಂಕ ಬೀಳುತ್ತದೆ, ‘ಪಾಪ’ ಅನ್ನಿಸಿಕೊಂಡವರ ಮುಂದಿನ ಗೆರೆ ಖಾಲಿ ಉಳಿಯುತ್ತದೆ. ಈ ಮಾರ್ಗದರ್ಶಿ ಆ ಗೆರೆ ತುಂಬಿಸುವುದು ಹೇಗೆ ಅನ್ನುವುದರ ಬಗ್ಗೆ. ಕೆಲಸ ಹುಡುಕುವವರಿಗೂ, ಕೆಲಸ ಕೊಡುವ ಎಚ್‌ಆರ್ ಮತ್ತು ಸೂಪರ್‌ವೈಸರ್‌ಗಳಿಗೂ ಸೇರಿಸಿಯೇ ಬರೆದಿದ್ದೇವೆ. ಒಬ್ಬರ ಪಾಲಿನ ಕೆಲಸ ಆಗದೆ ಇನ್ನೊಬ್ಬರದು ಆಗುವುದಿಲ್ಲ.

ಮೊದಲು ಕಾಗದಪತ್ರ

ಯುಡಿಐಡಿ (ವಿಕಲಚೇತನರ ವಿಶಿಷ್ಟ ಗುರುತಿನ) ಕಾರ್ಡ್ ಇಲ್ಲದಿದ್ದರೆ ಅಲ್ಲಿಂದಲೇ ಶುರು. ಸ್ವಾವಲಂಬನ್ ಕಾರ್ಡ್ ಪೋರ್ಟಲ್‌ನಲ್ಲಿ ಆಧಾರ್, ಇತ್ತೀಚಿನ ಫೋಟೋ, ವಿಳಾಸದ ದಾಖಲೆ ಹಾಕಿ ಅರ್ಜಿ ಸಲ್ಲಿಸಬೇಕು. ಅದರಲ್ಲೇ ಆಸ್ಪತ್ರೆ ಆಯ್ಕೆ ಮಾಡುವ ಜಾಗ ಬರುತ್ತದೆ. ಮೈಸೂರಿನವರಿಗೆ ಕೆ.ಆರ್. ಆಸ್ಪತ್ರೆ, ಮಂಡ್ಯದವರಿಗೆ ಅಲ್ಲಿನ ವೈದ್ಯಕೀಯ ಕಾಲೇಜು ಆಸ್ಪತ್ರೆ ಮಿಮ್ಸ್ ಹತ್ತಿರದ ದಾರಿ. ಕಿವಿ ಮತ್ತು ಮಾತಿನ ತಪಾಸಣೆಗೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಬೇರೆ ರಾಜ್ಯದಿಂದ ಜನ ಹುಡುಕಿಕೊಂಡು ಬರುವ ಸಂಸ್ಥೆ ನಮ್ಮ ಊರಲ್ಲೇ ಇದ್ದೂ ಎಷ್ಟೋ ಮಂದಿ ಹತ್ತು ವರ್ಷ ಹಳೆಯ ಆಡಿಯೋಗ್ರಾಮ್ (ಶ್ರವಣ ಪರೀಕ್ಷೆಯ ವರದಿ) ಹಿಡಿದುಕೊಂಡು ಓಡಾಡುತ್ತಾರೆ. ನೆಗಡಿ ಇದ್ದಾಗ, ಕಿವಿಯಲ್ಲಿ ಗುಗ್ಗೆ ತುಂಬಿದ್ದಾಗ ಪರೀಕ್ಷೆಗೆ ಹೋಗಬೇಡಿ, ಮತ್ತೆ ಬನ್ನಿ ಅನ್ನುತ್ತಾರೆ.

ಕಾರ್ಡಿನ ಬಣ್ಣ ವೈಕಲ್ಯದ ಪರ್ಸೆಂಟೇಜ್ ಹೇಳುತ್ತದೆ: 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲ್ಪಟ್ಟು ನೀಲಿ. ಮೀಸಲಾತಿಗೆ 40 ಬೇಕು. ಹಾಗೆಂದು ಬಿಳಿ ಕಾರ್ಡಿನವರಿಗೆ ಏನೂ ಇಲ್ಲ ಎಂದುಕೊಳ್ಳಬೇಡಿ. ಕೆಲಸದ ಜಾಗದಲ್ಲಿ ಸೂಕ್ತ ಅನುಕೂಲ ಕೇಳುವ ಹಕ್ಕಿಗೆ 40ರ ಗೆರೆ ಅಡ್ಡ ಬರುವುದಿಲ್ಲ. 2021ರ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಪರ್ಸೆಂಟೇಜ್ ಕಡಿಮೆ ಬಂತು ಅನ್ನಿಸಿದರೆ 90 ದಿನದೊಳಗೆ ಮೇಲ್ಮನವಿ ಹಾಕಬಹುದು.

ಇಲ್ಲಿ ಎಡವುವುದು ಬಹುತೇಕ ಹೆಸರಿನಲ್ಲಿ. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಊರು, ತಂದೆಯ ಹೆಸರು ಎರಡೂ ಇನಿಷಿಯಲ್ ಆಗಿ ಮುಂದೆ ಕೂತಿರುತ್ತವೆ. ಆಧಾರ್‌ನಲ್ಲಿ ಅವೇ ಬಿಡಿಸಿಕೊಂಡು ಹಿಂದೆ ಹೋಗಿರುತ್ತವೆ. ಯುಡಿಐಡಿಯಲ್ಲಿ ಮೂರನೇ ರೂಪ. ದಾಖಲೆ ಪರಿಶೀಲನೆಯ ಮೇಜಿನ ಮುಂದೆ ನಿಂತಾಗ ಇದನ್ನು ಸರಿಪಡಿಸಲು ಆಗುವುದಿಲ್ಲ. ಅರ್ಜಿ ಹಾಕುವ ಮೊದಲೇ ಆಧಾರ್ ಹೆಸರನ್ನು ಅಂಕಪಟ್ಟಿಗೆ ಸರಿಹೊಂದಿಸಿ, ಆಮೇಲೆ ಯುಡಿಐಡಿ ಮಾಡಿಸಿ. ಎರಡನೇ ತೊಡಕು ತಾತ್ಕಾಲಿಕ ಪ್ರಮಾಣಪತ್ರದ ಅವಧಿ. ಅದು ಮುಗಿದ ದಿನಾಂಕ ನೇಮಕಾತಿಯ ಕೊನೆಯ ದಿನಾಂಕಕ್ಕಿಂತ ಹಿಂದೆ ಬಿದ್ದರೆ ಮೀಸಲಾತಿ ಕೋರಿಕೆ ತಿರಸ್ಕಾರವಾಗಬಹುದು.

ಪೋರ್ಟಲ್ ಕೆಲಸ ಒಬ್ಬರೇ ಮಾಡಲಾಗದಿದ್ದರೆ ಗ್ರಾಮ ಪಂಚಾಯಿತಿಯಲ್ಲಿ ವಿ.ಆರ್.ಡಬ್ಲ್ಯೂ. (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಇರುತ್ತಾರೆ, ತಾಲ್ಲೂಕು ಪಂಚಾಯಿತಿಯಲ್ಲಿ ಎಂ.ಆರ್.ಡಬ್ಲ್ಯೂ. (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು). ಅವರ ಕೆಲಸವೇ ಅದು, ಮುಜುಗರ ಬೇಡ.

ಕೆಲಸವನ್ನು ಬಿಡಿಸಿ ನೋಡುವುದು

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ. ‘ಕಣ್ಣು ಕಾಣದವರು ಅಕೌಂಟ್ಸ್ ಮಾಡಬಲ್ಲರೇ?’ ಎಂಬ ಪ್ರಶ್ನೆಗೆ ಉತ್ತರವಿಲ್ಲ, ಏಕೆಂದರೆ ಅಕೌಂಟ್ಸ್ ಎಂಬುದು ಒಂದು ಕೆಲಸವಲ್ಲ. ಬಿಲ್ ನೋಡುವುದು, ನಮೂದಿಸುವುದು, ಬ್ಯಾಂಕಿಗೆ ಹೋಗುವುದು, ಫೋನಿನಲ್ಲಿ ಬಾಕಿ ಕೇಳುವುದು ಹೀಗೆ ಹತ್ತಾರು ತುಂಡು. ಪ್ರತಿ ತುಂಡನ್ನೂ ಬೇರೆಯಾಗಿ ಕೇಳಿದರೆ ಉತ್ತರ ತಾನಾಗಿ ಬರುತ್ತದೆ.

ಸರ್ಕಾರ ಹುದ್ದೆ ಗುರುತಿಸುವಾಗ ಬಳಸುವ ಸಂಕೇತಗಳೂ ಇದೇ ಲೆಕ್ಕದವು: ಕೂತು ಮಾಡುವುದು, ನಿಂತು ಮಾಡುವುದು, ನಡೆಯುವುದು, ಬಗ್ಗುವುದು, ಎತ್ತುವುದು, ಓದು-ಬರಹ, ನೋಡುವುದು, ಕೇಳುವುದು, ಸಂವಹನ. ಖಾಸಗಿಯವರೂ ಇದೇ ಪಟ್ಟಿ ಬಳಸಬಹುದು. ಹೀಗೆ ಮಾಡಿ:

1. ಹುದ್ದೆಯಲ್ಲಿ ಈಗ ಇರುವವರ ಪಕ್ಕದಲ್ಲಿ ಒಂದು ಪೂರ್ತಿ ಶಿಫ್ಟ್ ಕೂತು, ಅವರು ಮಾಡಿದ್ದನ್ನೆಲ್ಲ ಬರೆದುಕೊಳ್ಳಿ. ಕಂಪನಿಯ ಜಾಬ್ ಡಿಸ್ಕ್ರಿಪ್ಷನ್ ನಂಬಬೇಡಿ, ಅದು ಯಾವ ಕಾಲದಲ್ಲೋ ಬರೆದದ್ದು.
2. ಪ್ರತಿ ತುಂಡಿನ ಮುಂದೆ ಎಷ್ಟು ನಿಮಿಷ, ದಿನಕ್ಕೆ ಎಷ್ಟು ಸಲ ಎಂದು ಹಾಕಿ.
3. ಅದು ಮಾಡದಿದ್ದರೆ ಆ ಹುದ್ದೆಯೇ ಇಲ್ಲ ಎನ್ನುವಂಥವನ್ನು ಗುಂಡು ಹಾಕಿ ಗುರುತಿಸಿ. ಉಳಿದವು ಪಕ್ಕದ ಟೇಬಲ್‌ನ ಕೆಲಸದೊಂದಿಗೆ ಅದಲುಬದಲು ಮಾಡಲು ಬರುವಂಥವು.
4. ಪ್ರತಿ ತುಂಡಿಗೂ ಮೇಲಿನ ಸಂಕೇತ ಬರೆಯಿರಿ. ‘ನೋಡುವುದು’ ಎಂದು ಬರೆಯುವ ಮೊದಲು ಕೇಳಿಕೊಳ್ಳಿ: ಕಣ್ಣಿನಿಂದಲೇ ಆಗಬೇಕೇ, ಈಗ ಕಣ್ಣಿನಿಂದ ಮಾಡುತ್ತಿದ್ದಾರೆ ಅಷ್ಟೆಯೇ?

ನಾಲ್ಕನೆಯದರಲ್ಲೇ ಹೆಚ್ಚು ತಪ್ಪಾಗುವುದು. ‘ಫೀಲ್ಡ್‌ಗೆ ಹೋಗಬೇಕು, ಟೂ ವೀಲರ್ ಲೈಸೆನ್ಸ್ ಕಡ್ಡಾಯ’ ಎಂದು ಜಾಹೀರಾತಿನಲ್ಲಿ ಹಾಕಿರುತ್ತಾರೆ. ಬೇಕಿರುವುದು ಗ್ರಾಹಕರ ಮನೆ ತಲುಪುವುದು. ಬೈಕ್ ಅದಕ್ಕೆ ಒಂದು ದಾರಿ ಮಾತ್ರ.

ಅದಲುಬದಲು ಮಾಡುವಾಗ ಲೆಕ್ಕ ಸಮ ಇರಲಿ. ಒಬ್ಬರ 40 ನಿಮಿಷದ ಓಡಾಟದ ಕೆಲಸ ತೆಗೆದರೆ 40 ನಿಮಿಷದ ಬೇರೆ ಕೆಲಸ ಕೊಡಿ. ಸುಮ್ಮನೆ ತೆಗೆದುಬಿಟ್ಟರೆ ‘ಪಾಪ’ದ ಖಾತೆ ತೆರೆದಂತೆ, ಪಕ್ಕದವರ ಮುನಿಸೂ ಅಲ್ಲಿಂದಲೇ ಶುರು.

ಹುಡುಕಾಟ

ಸರ್ಕಾರಿ ಕೆಲಸದಲ್ಲಿ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ ಪ್ರಕಾರ ಕನಿಷ್ಠ ಶೇ 4 ಮೀಸಲು: ದೃಷ್ಟಿ ದೋಷದವರಿಗೆ 1, ಶ್ರವಣ ದೋಷದವರಿಗೆ 1, ಚಲನ ವೈಕಲ್ಯದ ಗುಂಪಿಗೆ 1 (ಸೆರೆಬ್ರಲ್ ಪಾಲ್ಸಿ, ಕುಬ್ಜತೆ, ಆ್ಯಸಿಡ್ ದಾಳಿಗೆ ಒಳಗಾದವರು, ಕುಷ್ಠದಿಂದ ಗುಣವಾದವರು, ಸ್ನಾಯುಕ್ಷಯದವರು ಇದರಲ್ಲೇ), ಉಳಿದ 1 ಆಟಿಸಂ, ಬೌದ್ಧಿಕ ಅಸಾಮರ್ಥ್ಯ, ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ ಮತ್ತು ಬಹುವಿಧ ವೈಕಲ್ಯದವರಿಗೆ. ರಾಜ್ಯದ ನೇಮಕಾತಿಯಲ್ಲಿ ವಯೋಮಿತಿ 10 ವರ್ಷ ಸಡಿಲ. ಅಧಿಸೂಚನೆ ಬಂದಾಗ ಮೊದಲು ನೋಡಬೇಕಾದದ್ದು ಒಟ್ಟು ಹುದ್ದೆ ಎಷ್ಟು ಎಂದಲ್ಲ. ನಿಮ್ಮ ವೈಕಲ್ಯದ ಗುಂಪಿಗೆ ಆ ಹುದ್ದೆ ಗುರುತಿಸಿದ್ದಾರೆಯೇ ಎಂಬುದನ್ನು.

ಪರೀಕ್ಷೆಯಲ್ಲಿ ಬರವಣಿಗೆಯ ತೊಂದರೆ ಇದ್ದವರಿಗೆ ಗಂಟೆಗೆ 20 ನಿಮಿಷ ಹೆಚ್ಚುವರಿ, ಅಂದರೆ 3 ಗಂಟೆಯ ಪತ್ರಿಕೆಗೆ 1 ಗಂಟೆ. ಬರಹಗಾರರು ಬೇಕಿದ್ದರೆ ಅರ್ಜಿಯಲ್ಲೇ ಗುರುತು ಹಾಕಬೇಕು. ಆಮೇಲೆ ಕೇಳಿದರೆ ಪರೀಕ್ಷಾ ಕೇಂದ್ರದವರು ಕೈ ಚೆಲ್ಲುತ್ತಾರೆ. ಕಣ್ಣು ಕಾಣದವರು, ಎರಡೂ ಕೈ ಬಾಧಿತರು, ಸೆರೆಬ್ರಲ್ ಪಾಲ್ಸಿ ಇರುವವರು ಬಿಟ್ಟು ಉಳಿದವರು ಬರೆಯಲು ದೈಹಿಕ ತೊಂದರೆ ಇದೆ ಎಂಬ ಪ್ರತ್ಯೇಕ ವೈದ್ಯಕೀಯ ಪತ್ರವನ್ನೂ ನಿಗದಿತ ನಮೂನೆಯಲ್ಲಿ ತರಬೇಕು. ಜೊತೆಗೆ ಬರುವವರು ಕನ್ನಡ ಒತ್ತಕ್ಷರ ತಪ್ಪಿಲ್ಲದೆ ಬರೆಯುವವರೇ ಎಂದು ಮನೆಯಲ್ಲಿ ಒಂದು ಪತ್ರಿಕೆ ಬರೆಸಿ ನೋಡಿ.

ಖಾಸಗಿಯಲ್ಲಿ ಮೀಸಲಾತಿ ಇಲ್ಲ. ಆದರೆ ಎಲ್ಲ ಸಂಸ್ಥೆಗಳೂ ಸಮಾನ ಅವಕಾಶ ನೀತಿ ಪ್ರಕಟಿಸಬೇಕು. 20 ಅಥವಾ ಹೆಚ್ಚು ಜನ ಇರುವ ಕಡೆ ಆ ನೀತಿಯಲ್ಲಿ ವಿಕಲಚೇತನರಿಗೆ ತಕ್ಕ ಹುದ್ದೆಗಳ ಪಟ್ಟಿ, ಕೊಡುವ ಅನುಕೂಲ, ಸಂಪರ್ಕ ಅಧಿಕಾರಿ ಯಾರು ಎಂಬುದೂ ಇರಬೇಕು. ‘ಖಾಲಿ ಇದೆಯಾ ಸಾರ್?’ ಅನ್ನುವ ಬದಲು ‘ನಿಮ್ಮ ಸಮಾನ ಅವಕಾಶ ನೀತಿಯ ಪ್ರತಿ ಕೊಡ್ತೀರಾ?’ ಎಂದು ಕೇಳಿ. ಉತ್ತರದ ರೀತಿಯಲ್ಲೇ ಆ ಜಾಗ ಎಂಥದ್ದು ಎಂದು ಅರ್ಧ ತಿಳಿಯುತ್ತದೆ. ಡಿಪ್ಲೊಮಾ ಓದಬೇಕೆನ್ನುವ ಎಳೆಯರಿಗೆ ಮೈಸೂರಿನಲ್ಲಿ ವಿಕಲಚೇತನರಿಗಾಗಿಯೇ ಇರುವ ಜೆಎಸ್ಎಸ್ ಪಾಲಿಟೆಕ್ನಿಕ್ ಇದೆ. ಜಿಲ್ಲಾ ಉದ್ಯೋಗ ವಿನಿಮಯ ಕಚೇರಿ ಮತ್ತು ಸ್ಕಿಲ್ ಕನೆಕ್ಟ್ ಪೋರ್ಟಲ್‌ನಲ್ಲಿ ಹೆಸರು ಹಾಕಿಡಿ.

ಬಯೋಡೇಟಾ, ಸಂದರ್ಶನ

ಬಯೋಡೇಟಾದಲ್ಲಿ ಪರ್ಸೆಂಟೇಜ್ ಬರೆಯುವ ಅಗತ್ಯವಿಲ್ಲ ಎಂಬುದು ನಮ್ಮ ಅಭಿಪ್ರಾಯ. ಮೀಸಲು ಹುದ್ದೆಯ ಅರ್ಜಿಯಲ್ಲಿ ಮಾತ್ರ ಅದು ಬೇಕು. ಬದಲಿಗೆ ಹೇಗೆ ಕೆಲಸ ಮಾಡುತ್ತೀರಿ ಎಂಬ ಒಂದು ಸಾಲು ಹಾಕಿ. ಪರದೆಯ ಬರಹವನ್ನು ಓದಿ ಹೇಳುವ ಸಾಫ್ಟ್‌ವೇರ್ (ಸ್ಕ್ರೀನ್ ರೀಡರ್) ಬಳಸುವವರಾದರೆ ಹೀಗೆ: ‘ಎನ್‌ವಿಡಿಎ ಸ್ಕ್ರೀನ್ ರೀಡರ್ ಬಳಸಿ ಎಕ್ಸೆಲ್, ಟ್ಯಾಲಿ ಮತ್ತು ಇಮೇಲ್ ನಿರ್ವಹಿಸುತ್ತೇನೆ.’ ಓದಿದವರಿಗೆ ವೈಕಲ್ಯವೂ ತಿಳಿಯಿತು, ಪರಿಹಾರವೂ ಸಿಕ್ಕಿತು. ಹಾಗೆ ಬರೆಯುವ ಮೊದಲು ಆ ಕಂಪನಿಯ ಸಾಫ್ಟ್‌ವೇರ್‌ನ ಯಾವ ಪರದೆಯನ್ನು ಸ್ಕ್ರೀನ್ ರೀಡರ್ ಓದುತ್ತದೆ, ಯಾವುದನ್ನು ಓದುವುದಿಲ್ಲ ಎಂದು ಪರೀಕ್ಷಿಸಿಕೊಂಡಿರಿ.

ಸಂದರ್ಶನಕ್ಕೆ ಕರೆ ಬಂದ ದಿನವೇ ಬೇಕಾದ್ದನ್ನು ಕೇಳಿ: ನೆಲಮಹಡಿಯ ಕೋಣೆ, ಸನ್ನೆ ಭಾಷೆಯ ದುಭಾಷಿ, ಲಿಖಿತ ಪರೀಕ್ಷೆಯ ಕಂಪ್ಯೂಟರ್ ಪ್ರತಿ. ‘ಯಾರು ಕರ್ಕೊಂಡು ಬರ್ತಾರೆ? ಮನೆಯವರು ಒಪ್ಪಿದ್ದಾರಾ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಸಿಟ್ಟಾಗದೆ ಸಮಯದ ಉತ್ತರ ಕೊಡಿ: ‘ಮಂಡ್ಯದಿಂದ ರೈಲಲ್ಲಿ ಬರ್ತೀನಿ ಮೇಡಂ, ಒಂಬತ್ತಕ್ಕೆ ಗೇಟ್ ಹತ್ರ ಇರ್ತೀನಿ.’ ತಂದೆತಾಯಿ ಒಳಗೆ ಬಂದು ಕೂತು ಅವರೇ ಉತ್ತರಿಸುವುದು ನಮ್ಮ ಕಡೆಯ ದೊಡ್ಡ ಅಡ್ಡಿ. ಅವರನ್ನು ಗೇಟಿನ ಹೊರಗಿನ ಟೀ ಅಂಗಡಿಯಲ್ಲಿ ಕೂರಿಸಿ ಬನ್ನಿ. ಸಂದರ್ಶಕರಿಗೂ ಒಂದು ಮಾತು: ಪ್ರಶ್ನೆಯನ್ನು ಅಭ್ಯರ್ಥಿಗೆ ಕೇಳಿ, ದುಭಾಷಿಯ ಮುಖ ನೋಡಿ ‘ಅವರಿಗೆ ಹೇಳಿ’ ಅನ್ನಬೇಡಿ.

ಅನುಕೂಲ ಕೇಳುವ ಪತ್ರ

ಆಫರ್ ಕೈಗೆ ಬಂದ ಮೇಲೆ, ಸೇರುವ ದಿನಕ್ಕೆ ಮೊದಲು, ಬರಹದಲ್ಲಿ ಕೇಳಿ. ಬಾಯಿಮಾತಿನಲ್ಲಿ ಒಪ್ಪಿದ್ದು ಮ್ಯಾನೇಜರ್ ಬದಲಾದ ದಿನ ಇಲ್ಲವಾಗುತ್ತದೆ. ರೋಗದ ಹೆಸರು, ಆಪರೇಷನ್ ಚರಿತ್ರೆ ಬೇಡ. ಯಾವ ಕೆಲಸ, ಯಾವ ಅಡ್ಡಿ, ಯಾವ ಪರಿಹಾರ, ಯಾವತ್ತಿಂದ ಎಂಬ ನಾಲ್ಕೇ ಅಂಶ ಸಾಕು:

‘ಮಾನ್ಯರೇ, ದಿನದ ವರದಿಯನ್ನು ನಮಗೆ ಮುದ್ರಿತ ಹಾಳೆಯಲ್ಲಿ ಕೊಡಲಾಗುತ್ತದೆ. ಅದನ್ನು ನಾನು ಓದಲಾರೆ. ಅದೇ ವರದಿಯ ಎಕ್ಸೆಲ್ ಪ್ರತಿಯನ್ನು ಬೆಳಿಗ್ಗೆ 9.30ಕ್ಕೆ ಇಮೇಲ್ ಮಾಡಿದರೆ 11ರೊಳಗೆ ಪರಿಶೀಲಿಸಿ ಕಳುಹಿಸುತ್ತೇನೆ. ಸೇರುವ ದಿನದಿಂದಲೇ ಈ ವ್ಯವಸ್ಥೆ ಮಾಡಿಕೊಡಲು ಕೋರುತ್ತೇನೆ. ಒಂದು ತಿಂಗಳ ನಂತರ ಸರಿಹೋಗುತ್ತಿದೆಯೇ ಎಂದು ಒಟ್ಟಿಗೆ ನೋಡೋಣ.’

ಮಾನಸಿಕ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರಿಗೂ ಇದೇ ನಮೂನೆ ಒಗ್ಗುತ್ತದೆ. ರಾತ್ರಿ ಪಾಳಿ ಬೇಡ, ತಿಂಗಳಿಗೆ ಅರ್ಧ ದಿನ ಆಸ್ಪತ್ರೆಗೆ ಬಿಡುವು ಬೇಕು ಎಂದರೆ ಸಾಕು. ದಾಖಲೆ ಎಚ್‌ಆರ್ ಕೈಯಲ್ಲಿ ಉಳಿಯಬೇಕು, ಲೈನಿನಲ್ಲಿ ಸುದ್ದಿಯಾಗಬಾರದು.

ಜಾಗ ಸರಿಪಡಿಸುವುದು

ರ್‍ಯಾಂಪಿನ ಲೆಕ್ಕ 1:12. ಒಂದು ಮೆಟ್ಟಿಲು 15 ಸೆಂ.ಮೀ. ಇದ್ದರೆ ರ್‍ಯಾಂಪ್ 180 ಸೆಂ.ಮೀ. ಉದ್ದ, ಮೂರು ಮೆಟ್ಟಿಲಿಗೆ 5.4 ಮೀಟರ್. ಅಗಲ 120 ಸೆಂ.ಮೀ., ಬಾಗಿಲಿನ ತೆರವು 90, ಗಾಲಿಕುರ್ಚಿ ತಿರುಗಲು 150 ಸೆಂ.ಮೀ. ವ್ಯಾಸದ ಜಾಗ. ನಮ್ಮ ಊರಿನ ಬಹಳಷ್ಟು ಕಟ್ಟಡಗಳ ಮುಂದೆ ಇರುವುದು ಬೈಕ್ ಹತ್ತಿಸಲು ಹಾಕಿದ ಇಳಿಜಾರು. ಅದರ ಮೇಲೆ ಗಾಲಿಕುರ್ಚಿ ಹಿಂದಕ್ಕೆ ಮಗುಚುತ್ತದೆ. ಗ್ರಾನೈಟ್ ಹಾಕಿಸಿದರೆ ಮಳೆಗಾಲದಲ್ಲಿ ಊರುಗೋಲು ಜಾರುತ್ತದೆ, ಒರಟು ಕಾಂಕ್ರೀಟೇ ಲೇಸು. ಶೌಚಾಲಯದಲ್ಲಿ ಕಮೋಡ್ ಎತ್ತರ 45ರಿಂದ 48 ಸೆಂ.ಮೀ., ಬಾಗಿಲು ಹೊರಕ್ಕೆ ತೆರೆಯಬೇಕು, ಇಲ್ಲವಾದರೆ ಒಳಗೆ ಬಿದ್ದವರನ್ನು ಎತ್ತಲು ಬಾಗಿಲು ತಳ್ಳಲಾಗುವುದಿಲ್ಲ. ಇಷ್ಟೆಲ್ಲ ಮಾಡಿ ಅದಕ್ಕೆ ಬೀಗ ಹಾಕಿ ಪೊರಕೆ, ಫಿನಾಯಿಲ್ ಇಡುವ ಕೋಣೆ ಮಾಡುವುದು ಎಲ್ಲ ಕಡೆಯ ಕಥೆ.

ಗಾರ್ಮೆಂಟ್ಸ್ ಲೈನಿನಲ್ಲಿ ಪೋಲಿಯೊದಿಂದ ಬಲಗಾಲು ಸೋತವರನ್ನು ಟ್ರಿಮ್ಮಿಂಗ್‌ಗೆ, ಚೆಕಿಂಗ್‌ಗೆ ಹಾಕಿಬಿಡುತ್ತಾರೆ. ಟೈಲರ್‌ಗೆ ಸಿಗುವ ಗ್ರೇಡ್ ಅಲ್ಲಿಗೆ ತಪ್ಪಿತು. ಮೆಷಿನ್ ಪೆಡಲನ್ನು ಎಡಗಾಲಿನ ನೇರಕ್ಕೆ ಸರಿಸಿ ಕಟ್ಟಲು ಮೆಕ್ಯಾನಿಕ್‌ಗೆ ದೊಡ್ಡ ಕೆಲಸವೇನಲ್ಲ. ತೊಡಕಿರುವುದು ಬಟ್ಟೆ ಒತ್ತಿ ಹಿಡಿಯುವ ಪಾದವನ್ನು ಎತ್ತಲು ಬಲ ಮೊಣಕಾಲಿನಿಂದ ಒತ್ತುವ ಲಿಫ್ಟರ್‌ನಲ್ಲಿ. ಅದರ ಬದಲು ಕೈಲಿವರ್ ಬಳಸಿ ಎಂದರೆ ಪ್ರತಿ ತುಂಡಿಗೂ ಬಟ್ಟೆಯಿಂದ ಕೈ ತೆಗೆಯಬೇಕು, ಟಾರ್ಗೆಟ್ ಕುಸಿಯುತ್ತದೆ. ಆಟೊ ಲಿಫ್ಟ್ ಇರುವ ಮೆಷಿನ್ ಕೊಟ್ಟರೆ ಟಾರ್ಗೆಟ್ ಇಳಿಸುವ ಪ್ರಶ್ನೆ ಬಾರದು. ಹೊಸ ಮೆಷಿನ್‌ನಲ್ಲಿ ಕೈ ಕೂರಲು ಕೆಲವು ವಾರ ಬಿಡಿ, ಆಮೇಲೆ ಎಲ್ಲರಿಗೂ ಇರುವ ಟಾರ್ಗೆಟ್ಟೇ ಇರಲಿ.

ಬೌದ್ಧಿಕ ಅಸಾಮರ್ಥ್ಯ ಇರುವವರಿಗೆ ಪ್ಯಾಕಿಂಗ್‌ನಲ್ಲಿ ಎಣಿಕೆ ಕಷ್ಟ ಎಂದಾದರೆ ಎಣಿಕೆಯನ್ನೇ ತೆಗೆದುಬಿಡಿ: 12 ಗುಳಿ ಇರುವ ಟ್ರೇ ತುಂಬಿತೆಂದರೆ ಒಂದು ಡಜನ್. ಕ್ರಮವನ್ನು ಫೋಟೋಗಳಲ್ಲಿ ಮೇಜಿನ ಮೇಲೆ ಅಂಟಿಸಿ. ಇಂಥವರ ಕೆಲಸ ಕೆಡುವುದು ಹೆಚ್ಚಾಗಿ ಸೂಪರ್‌ವೈಸರ್ ಬದಲಾದ ವಾರ. ಹಳಬರು ಹೊಸಬರನ್ನು ಪಕ್ಕದಲ್ಲಿ ಕೂರಿಸಿ ಒಂದೆರಡು ದಿನ ತೋರಿಸಿಕೊಟ್ಟು ಹೋಗಲಿ.

ಕಚೇರಿಯಲ್ಲಿ ಕನ್ನಡದ್ದೇ ಒಂದು ವಿಶೇಷ ಸಮಸ್ಯೆ ಇದೆ. ಹಳೆಯ ‘ನುಡಿ’, ‘ಬರಹ’ ಫಾಂಟಿನ ಕಡತಗಳು ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳೂ ಗುರುತಿಸುವ ಅಕ್ಷರ ಸಂಕೇತ) ಅಲ್ಲ. ಪರದೆಯ ಮೇಲೆ ಕನ್ನಡ ಕಂಡರೂ ಒಳಗೆ ಇಂಗ್ಲಿಷ್ ಚಿಹ್ನೆಗಳಿರುತ್ತವೆ, ಸ್ಕ್ರೀನ್ ರೀಡರ್ ಆ ಚಿಹ್ನೆಗಳನ್ನೇ ಓದಿ ಗೋಜಲು ಮಾಡುತ್ತದೆ. ಪರೀಕ್ಷೆ ಸುಲಭ: ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿ, ಕನ್ನಡವೇ ಬಂದರೆ ಯೂನಿಕೋಡ್. ಗೀಚಿದಂತೆ ಬಂದರೆ ಪರಿವರ್ತಕದಲ್ಲಿ ಹಾಕಿ ಬದಲಿಸಬೇಕು. ನಡುವೆ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕ ಅವನ್ನೂ ಕನ್ನಡದ ಚೂರುಗಳಾಗಿಸುತ್ತದೆ, ಅರ್ಕಾವತ್ತೂ ಜಾರಬಹುದು. ಹಾಗಾಗಿ ಒಮ್ಮೆ ಕಣ್ಣಾಡಿಸಿಯೇ ಕೊಡಿ. ಸ್ಕ್ಯಾನ್ ಮಾಡಿದ ಪಿಡಿಎಫ್ ಎಂದರೆ ಬರೀ ಚಿತ್ರ, ಅದನ್ನು ಓಸಿಆರ್ ಮಾಡದೆ (ಚಿತ್ರವನ್ನು ಅಕ್ಷರಕ್ಕೆ ಬದಲಿಸದೆ) ಸ್ಕ್ರೀನ್ ರೀಡರ್ ಓದಲಾಗದು. ಎಕ್ಸೆಲ್‌ನಲ್ಲಿ ಚೆಂದಕ್ಕೆಂದು ಕೋಶಗಳನ್ನು ಒಂದಾಗಿ ಕೂಡಿಸಬೇಡಿ (ಮರ್ಜ್). ಇನ್ನು ಮುಂದೆ ಟೈಪ್ ಮಾಡುವುದೆಲ್ಲ ಯೂನಿಕೋಡ್‌ನಲ್ಲಿ ಎಂದು ಒಂದು ಸುತ್ತೋಲೆ ಹೊರಡಿಸಿದರೆ ಅರ್ಧ ತಲೆನೋವು ಹೋಗುತ್ತದೆ.

ವಾಟ್ಸಾಪ್ ಗ್ರೂಪಿನಲ್ಲಿ ವಾಯ್ಸ್ ಮೆಸೇಜ್ ಹಾಕಿದರೆ ಕಿವಿ ಕೇಳದವರು ಹೊರಗುಳಿದರು. ನೋಟಿಸ್ ಬೋರ್ಡಿನ ಫೋಟೋ ಹಾಕಿದರೆ ಕಣ್ಣು ಕಾಣದವರು. ಟೈಪ್ ಮಾಡಿದ ನಾಲ್ಕು ಸಾಲು ಇಬ್ಬರಿಗೂ ತಲುಪುತ್ತದೆ. ಸನ್ನೆ ಭಾಷೆಯಲ್ಲೇ ಬೆಳೆದ ಕಿವುಡರಿಗೆ ಬರಹದ ಕನ್ನಡ ಎರಡನೇ ಭಾಷೆ. ಸರ್ಕಾರಿ ಶೈಲಿಯ ಉದ್ದ ವಾಕ್ಯ ಕೊಟ್ಟು ‘ಓದಿಲ್ವಾ?’ ಎಂದು ಗದರುವುದು ಅನ್ಯಾಯ. ಮಾತನ್ನು ಬರಹವಾಗಿ ತೋರಿಸುವ ಲೈವ್ ಟ್ರಾನ್ಸ್‌ಕ್ರೈಬ್ ಆ್ಯಪ್ ಸದ್ದಿಲ್ಲದ ಕೋಣೆಯಲ್ಲಿ ಒಬ್ಬೊಬ್ಬರೇ ಮಾತಾಡಿದರೆ ನೆರವಾಗುತ್ತದೆ, ಮೆಷಿನ್ ಸದ್ದಿನಲ್ಲಿ ನಂಬಬೇಡಿ. ಬೆಂಕಿ ಸೈರನ್ ಜೊತೆ ಮಿನುಗುವ ದೀಪವೂ ಬೇಕು. ಮೇಲ್ಮಹಡಿಯಲ್ಲಿ ಗಾಲಿಕುರ್ಚಿಯವರಿದ್ದರೆ ಬೆಂಕಿ ಬಿದ್ದಾಗ ಲಿಫ್ಟ್ ಬಳಸುವಂತಿಲ್ಲವಾದ್ದರಿಂದ ಅವರನ್ನು ಇಳಿಸಲು ಪ್ರತಿ ಶಿಫ್ಟಿಗೂ ಇಬ್ಬರ ಹೆಸರು, ಅವರು ರಜೆ ಹಾಕಿದಾಗ ಇನ್ನಿಬ್ಬರ ಹೆಸರು ಗೊತ್ತುಪಡಿಸಿ.

ಓಡಾಟ, ಸಂಬಳ

ಕೆಎಸ್ಆರ್‌ಟಿಸಿಯ ವಿಕಲಚೇತನರ ಪಾಸ್‌ಗೆ ಸೇವಾ ಸಿಂಧುವಿನಲ್ಲಿ ಅರ್ಜಿ. ಮನೆಯಿಂದ 100 ಕಿ.ಮೀ. ವ್ಯಾಪ್ತಿ, ಮಂಡ್ಯ–ಮೈಸೂರು ಓಡಾಟಕ್ಕೆ ಧಾರಾಳ. ರೈಲಿನ ರಿಯಾಯಿತಿ ಎಲ್ಲ ವೈಕಲ್ಯಕ್ಕೂ ಇಲ್ಲ, ಇರುವವರು ಸೀಸನ್ ಟಿಕೆಟ್‌ಗೂ ಕೇಳಿ. ಕಂಪನಿ ಬಸ್ಸಿದ್ದರೆ ಮೊದಲ ಮೆಟ್ಟಿಲಿನ ಎತ್ತರ ಸೇರುವ ಮುನ್ನವೇ ನೋಡಿಕೊಳ್ಳಿ.

ವೈಕಲ್ಯ ಶೇ 40 ಅಥವಾ ಮೇಲಿದ್ದವರಿಗೆ ರಾಜ್ಯದ ವೃತ್ತಿ ತೆರಿಗೆ ಇಲ್ಲ. ಪೇಸ್ಲಿಪ್‌ನಲ್ಲಿ 200 ರೂಪಾಯಿ ಕಡಿತ ಕಂಡರೆ ಪ್ರಮಾಣಪತ್ರ ಕೊಟ್ಟು ನಿಲ್ಲಿಸಿ. ಇಎಸ್ಐ ವೇತನ ಮಿತಿ ಇತರರಿಗೆ 21,000, ವಿಕಲಚೇತನರಿಗೆ 25,000. ಆದಾಯ ತೆರಿಗೆಯ ಹಳೆ ಪದ್ಧತಿಯಲ್ಲಿ 75,000, ತೀವ್ರ ವೈಕಲ್ಯಕ್ಕೆ 1,25,000 ರೂಪಾಯಿ ಕಡಿತ ಸಿಗುತ್ತದೆ, ಹೊಸದರಲ್ಲಿ ಇಲ್ಲ. ಎರಡೂ ಲೆಕ್ಕ ಹಾಕಿ ಆರಿಸಿ.

ಮೇಲೇರುವುದು

ಸೇರಿದ ಮೂರು ತಿಂಗಳಿಗೆ ಸೂಪರ್‌ವೈಸರ್ ಮುಂದೆ ಕೂತು ಒಂದೇ ಪ್ರಶ್ನೆ ಕೇಳಿ: ‘ಈ ಮೂರು ತಿಂಗಳಲ್ಲಿ ನನಗೆ ಕೊಡದೆ ಬೇರೆಯವರಿಗೆ ಕೊಟ್ಟ ಕೆಲಸ ಯಾವುದು?’ ಪಟ್ಟಿ ಬರೆದುಕೊಳ್ಳಿ. ಅದರಲ್ಲಿ ಎರಡನ್ನು ಆರಿಸಿ, ಹೇಗೆ ಮಾಡುವಿರಿ ಎಂದು ತೋರಿಸಿ. ಟ್ರೈನಿಂಗ್‌ಗೆ ಬೆಂಗಳೂರಿಗೆ ಕಳುಹಿಸುವಾಗ ನಿಮ್ಮ ಹೆಸರು ಬಿಟ್ಟರೆ ಆ ದಿನವೇ ಇಮೇಲ್ ಮಾಡಿ. ಟ್ರೈನಿಂಗ್ ಆಗಿಲ್ಲ ಎಂಬುದೇ ಮುಂದಿನ ವರ್ಷ ಪ್ರೊಮೋಷನ್ ತಪ್ಪಲು ಕಾರಣವಾಗುತ್ತದೆ. ದಿನಕ್ಕೆ ಎಷ್ಟು ಕಡತ, ಎಷ್ಟು ಪೀಸ್, ಎಷ್ಟು ಕಾಲ್ ಎಂದು ನಿಮ್ಮದೇ ಡೈರಿ ಇಟ್ಟುಕೊಳ್ಳಿ.

ಸರ್ಕಾರಿ ಸಂಸ್ಥೆಯಲ್ಲಿ ವೈಕಲ್ಯದ ಕಾರಣಕ್ಕಷ್ಟೇ ಬಡ್ತಿ ನಿರಾಕರಿಸುವಂತಿಲ್ಲ. ಬಡ್ತಿಯಲ್ಲೂ ಮೀಸಲಾತಿ ಉಂಟು ಎಂಬ ತೀರ್ಪು 2020ರಲ್ಲಿ ಬಂದದ್ದು ಕರ್ನಾಟಕದ್ದೇ ಪ್ರಕರಣದಲ್ಲಿ: ಸಿದ್ದರಾಜು ವಿರುದ್ಧ ಕರ್ನಾಟಕ ರಾಜ್ಯ.

ತಕರಾರು ಬಂದರೆ

ಸರ್ಕಾರಿ ಸಂಸ್ಥೆಗಳಲ್ಲಿ ಕುಂದುಕೊರತೆ ನಿವಾರಣಾಧಿಕಾರಿ ಇರಬೇಕು. ದೂರು ನೋಂದಾಯಿಸಿದ ಎರಡು ವಾರದೊಳಗೆ ವಿಚಾರಣೆ ಆಗಬೇಕು. ತೃಪ್ತಿಯಾಗದಿದ್ದರೆ ಜಿಲ್ಲಾ ಮಟ್ಟದ ಸಮಿತಿಗೆ ಹೋಗಬಹುದು. ಬೆಂಗಳೂರಿನಲ್ಲಿ ವಿಕಲಚೇತನರ ರಾಜ್ಯ ಆಯುಕ್ತರಿದ್ದಾರೆ. ಖಾಸಗಿಯವರು ಸಮಾನ ಅವಕಾಶ ನೀತಿಯನ್ನೇ ಮಾಡಿಲ್ಲದಿದ್ದರೆ ಅದನ್ನೂ ಆಯುಕ್ತರಿಗೆ ಬರೆಯಬಹುದು. ಕಾಯ್ದೆ ಉಲ್ಲಂಘನೆಗೆ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಮಾಡಿದರೆ 50,000ದಿಂದ 5 ಲಕ್ಷದವರೆಗೆ ದಂಡ. ದೂರಿನಲ್ಲಿ ನೋವು ತೋಡಿಕೊಳ್ಳುವ ಪುಟಗಳಿಗಿಂತ ದಿನಾಂಕ, ಕೇಳಿದ ಅನುಕೂಲ, ಬಂದ ಉತ್ತರ ಎಂಬ ಮೂರು ಕಂಬದ ಪಟ್ಟಿ ಕೆಲಸ ಮಾಡುತ್ತದೆ. ಅನುಕೂಲ ಕೇಳಿ ಬರೆದ ಆ ಮೊದಲ ಪತ್ರವೇ ಇಲ್ಲಿ ದಾಖಲೆ.

ಕೆಲಸದಲ್ಲಿದ್ದಾಗಲೇ ವೈಕಲ್ಯ ಬಂದವರ ವಿಷಯ ಬೇರೆ, ಅಲ್ಲೇ ಮೋಸ ಹೋಗುವವರು ಹೆಚ್ಚು. ಅಪಘಾತದಲ್ಲಿ ಕಾಲು ಹೋದ ಬಸ್ ಚಾಲಕ, ದೃಷ್ಟಿ ಕಳೆದುಕೊಂಡ ಗುಮಾಸ್ತ, ಇಂಥವರನ್ನು ಸರ್ಕಾರಿ ಸಂಸ್ಥೆ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಅದೇ ವೇತನ ಶ್ರೇಣಿಯಲ್ಲಿ ಬೇರೆ ಹುದ್ದೆ ಕೊಡಬೇಕು. ಹುದ್ದೆಯಿಲ್ಲದಿದ್ದರೆ ಸಿಗುವವರೆಗೆ ಅಥವಾ ನಿವೃತ್ತಿಯವರೆಗೆ ಸಂಖ್ಯಾತಿರಿಕ್ತ (ಮಂಜೂರಾದ ಸಂಖ್ಯೆಗೆ ಹೆಚ್ಚುವರಿಯಾದ) ಹುದ್ದೆ ಸೃಷ್ಟಿಸಿ ಇಟ್ಟುಕೊಳ್ಳಬೇಕು. ಇದು ಅಧಿನಿಯಮದ 20(4)ನೇ ಪ್ರಕರಣ. ಆಸ್ಪತ್ರೆಯ ಮಂಚದ ಹತ್ತಿರ ಬಂದು ಸಹೋದ್ಯೋಗಿಗಳೇ ‘ಸುಮ್ನೆ ಯಾಕೆ ಒದ್ದಾಡ್ತೀರಾ ಅಣ್ಣ, ಸ್ವಯಂ ನಿವೃತ್ತಿ ತಗೊಳ್ಳಿ’ ಎಂದು ಹಾಳೆ ಚಾಚಬಹುದು. ಸಹಿ ಹಾಕಬೇಡಿ. ಸಹಿ ಬಿದ್ದ ಮೇಲೆ ನೀವೇ ಬಿಟ್ಟಿರಿ ಎನ್ನಲು ಅವರಿಗೊಂದು ಕಾಗದ ಸಿಕ್ಕಂತೆ. ‘20(4)ರಂತೆ ಬೇರೆ ಹುದ್ದೆ ಕೋರಿ ಅರ್ಜಿ ಕೊಡುತ್ತೇನೆ’ ಎಂದು ಹೇಳಿ, ಡಿಸ್ಚಾರ್ಜ್ ಆದ ವಾರದಲ್ಲೇ ಕೊಟ್ಟು, ಪ್ರತಿಯ ಮೇಲೆ ದಿನಾಂಕದ ಮೊಹರು ಹಾಕಿಸಿಕೊಳ್ಳಿ.